ಬೇಕೆಂದವರೆಷ್ಟು, ಬಳಸಿದವರೆಷ್ಟು?

ಬೆಂಗಳೂರು–ಮೈಸೂರು ಹಳೆಯ ರಸ್ತೆಯಲ್ಲಿ ಚನ್ನಪಟ್ಟಣ ದಾಟಿ ಸ್ವಲ್ಪ ದೂರ ಹೋದರೆ ದೊಡ್ಡಮಳೂರು ಸಿಗುತ್ತದೆ. ಅಲ್ಲಿನ ಅಪ್ರಮೇಯಸ್ವಾಮಿ ದೇವಾಲಯದಲ್ಲಿ ಅಂಬೆಗಾಲಿಡುವ ನವನೀತಕೃಷ್ಣನ ಸನ್ನಿಧಿ ಇದೆ. ಪುರಂದರದಾಸರು ಈ ಕೃಷ್ಣನನ್ನು ಕಂಡು ಹಾಡಿದರೆಂಬ ಪ್ರತೀತಿಯೂ ಉಂಟು. ಮಕ್ಕಳಿಲ್ಲದ ದಂಪತಿಗಳು ದೂರದೂರದಿಂದ ಬಂದು ಹರಕೆ ಹೊರುತ್ತಾರೆ. ಹರಕೆ ಫಲಿಸಿದವರು ಅವರವರ ಶಕ್ತಿಯಂತೆ ತೊಟ್ಟಿಲು ಒಪ್ಪಿಸುತ್ತಾರೆ. ಯಾರಿಗೆ ಏನು ಬೇಕಾಗಿತ್ತೆಂದು ತಿಳಿಯಲು ಅಲ್ಲಿ ಪ್ರಶ್ನಾವಳಿ ಹಿಡಿದು ನಿಲ್ಲಬೇಕಾಗಿಲ್ಲ, ತೊಟ್ಟಿಲುಗಳೇ ಹೇಳುತ್ತವೆ.

ಆದರೆ ಅವು ಹೇಳುವುದು ಅರ್ಧ ಮಾತ್ರ. ಬಯಸಿ ಪಡೆದವರ ತೊಟ್ಟಿಲು ಕಾಣುತ್ತದೆ. ಬಯಸಿ ಪಡೆಯದವರದು ಕಾಣುವುದಿಲ್ಲ. ನಾಲ್ಕು ಮಕ್ಕಳಾದ ಮೇಲೆ ಐದನೆಯದು ಬೇಡವೆಂದು ಮನಸ್ಸಿನಲ್ಲೇ ಅಂದುಕೊಂಡ ತಾಯಿ ಯಾವ ಗುಡಿಯಲ್ಲೂ ಏನನ್ನೂ ಕಟ್ಟುವುದಿಲ್ಲ. ಆ ತಾಯಿಯ ಇಷ್ಟವನ್ನು ತಿಳಿಯಲು ಒಂದೇ ದಾರಿ: ಅವಳನ್ನೇ ಕೇಳುವುದು. ಹೇಗೆ ಕೇಳಿದರೆ ನಿಜ ಹೊರಬರುತ್ತದೆ ಎಂಬುದು ಇಂದು ಒಂದು ಶಾಸ್ತ್ರವಾಗಿಯೇ ಬೆಳೆದಿದೆ. ರೋಗಿಗಳ, ಅಥವಾ ಆರೋಗ್ಯ ಸೇವೆಯನ್ನು ಬಳಸುವ ಜನರ, ಇಷ್ಟಾನಿಷ್ಟಗಳನ್ನು ಅಳೆಯುವ ಶಾಸ್ತ್ರ ಅದು. ಸಂಖ್ಯಾಶಾಸ್ತ್ರ, ಅರ್ಥಶಾಸ್ತ್ರ, ವೈದ್ಯಕೀಯ ಓದುವ ಮಕ್ಕಳು ಇಂದಲ್ಲ ನಾಳೆ ಇದನ್ನು ಎದುರಿಸುತ್ತಾರೆ. ಅದರ ಮೊದಲ ಪಾಠಗಳಲ್ಲೊಂದು ಕಲಿತದ್ದು ಎಲ್ಲೋ ದೂರದಲ್ಲಲ್ಲ, ದೊಡ್ಡಮಳೂರಿಗೆ ಹದಿನೈದು ಕಿಲೋಮೀಟರ್ ಆಸುಪಾಸಿನಲ್ಲಿರುವ ರಾಮನಗರದಲ್ಲಿ.

ಈ ವಿಷಯದಲ್ಲಿ ಮೈಸೂರು ಸೀಮೆ ಹಿಂದೆ ಬಿದ್ದದ್ದಲ್ಲ. 1930ರಲ್ಲೇ ಮೈಸೂರು ಸರ್ಕಾರ ಮೈಸೂರು ಮತ್ತು ಬೆಂಗಳೂರಿನಲ್ಲಿ ಸಂತಾನ ನಿಯಂತ್ರಣದ ಚಿಕಿತ್ಸಾಲಯಗಳನ್ನು ತೆರೆದಿತ್ತು. ಸರ್ಕಾರವೊಂದು ತಾನಾಗಿ ಇಂಥ ಕೆಲಸಕ್ಕೆ ಕೈಹಾಕಿದ್ದು ಜಗತ್ತಿನಲ್ಲೇ ಅಪರೂಪವಾಗಿದ್ದ ಕಾಲ ಅದು. ಸ್ವಾತಂತ್ರ್ಯ ಬಂದ ಮೇಲೆ ಮೊದಲ ಪಂಚವಾರ್ಷಿಕ ಯೋಜನೆಯಲ್ಲಿ ಕುಟುಂಬ ಯೋಜನೆಗೆಂದು 65 ಲಕ್ಷ ರೂಪಾಯಿ ಇಡಲಾಯಿತು. ಆದರೆ ಆಗಿನ ಕೇಂದ್ರ ಆರೋಗ್ಯ ಸಚಿವೆ ರಾಜಕುಮಾರಿ ಅಮೃತ್ ಕೌರ್ ಗಾಂಧೀಜಿಯ ನಿಕಟವರ್ತಿ. ಕೃತಕ ಸಾಧನಗಳು ಅವರಿಗೆ ಒಪ್ಪಿಗೆಯಿರಲಿಲ್ಲ. ಋತುಚಕ್ರದ ದಿನಗಳನ್ನು ಎಣಿಸಿ, ಗರ್ಭ ನಿಲ್ಲುವ ಸಂಭವವಿರುವ ದಿನಗಳಲ್ಲಿ ಸಂಯಮದಿಂದಿರುವ ‘ಸುರಕ್ಷಿತ ಕಾಲ’ದ ಪದ್ಧತಿಯೊಂದೇ ಅವರು ಒಪ್ಪಿದ ದಾರಿ. ಅದು ನಮ್ಮ ಜನರಲ್ಲಿ ನಡೆಯುತ್ತದೆಯೇ ಎಂದು ನೋಡಿ ಹೇಳುವಂತೆ ಭಾರತ ಸರ್ಕಾರ ವಿಶ್ವ ಆರೋಗ್ಯ ಸಂಸ್ಥೆಯನ್ನು ಕೇಳಿಕೊಂಡಿತು. ಸಂಸ್ಥೆಯ ಪರವಾಗಿ ಅಮೆರಿಕದ ವೈದ್ಯ ಅಬ್ರಹಾಂ ಸ್ಟೋನ್ 1951ರ ಕೊನೆಯ ಭಾಗದಲ್ಲಿ ಬಂದರು. ಪ್ರಯೋಗಕ್ಕೆ ಆರಿಸಿದ ಸ್ಥಳಗಳು ಎರಡು: ದೆಹಲಿಯ ಲೋಧಿ ಕಾಲೊನಿ, ಅಂದರೆ ಸರ್ಕಾರಿ ನೌಕರರ ವಸತಿ, ಮತ್ತು ಮೈಸೂರು ರಾಜ್ಯದ ರಾಮನಗರ, ಅಂದರೆ ಹಳ್ಳಿಗಳ ನಡುವಿನ ಒಂದು ಸಣ್ಣ ಪಟ್ಟಣ.

1952ರಲ್ಲಿ ಕೆಲಸ ಶುರುವಾಯಿತು. ಕಾರ್ಯಕರ್ತರು ಮನೆಮನೆಗೆ ಹೋದರು. ಮಕ್ಕಳ ನಡುವೆ ಅಂತರವಿಡುವ ಅಥವಾ ಇನ್ನು ಸಾಕೆನ್ನುವ ಉಪಾಯವೊಂದನ್ನು ಕಲಿಯಲು ಇಷ್ಟವಿದೆಯೇ ಎಂದು ದಂಪತಿಗಳನ್ನು ಕೇಳಿದರು. ಉತ್ತರ ಕೇಳಿ ಎಲ್ಲರಿಗೂ ಸಂತೋಷವೇ ಆಗಿರಬೇಕು. ಬಹುಪಾಲು ಜನ ಇಷ್ಟವಿದೆ ಎಂದರು. ಹಳ್ಳಿಗರು ಮಕ್ಕಳನ್ನು ದೇವರು ಕೊಟ್ಟಷ್ಟು ಬಯಸುತ್ತಾರೆ, ಇಂಥ ಮಾತಿಗೆ ಬಾಗಿಲನ್ನೇ ತೆರೆಯುವುದಿಲ್ಲ ಎಂದು ಪಟ್ಟಣದ ವಿದ್ಯಾವಂತರು ನಂಬಿಕೊಂಡಿದ್ದ ಕಾಲದಲ್ಲಿ ಇದು ದೊಡ್ಡ ಸುದ್ದಿ. ವಿಶ್ವಸಂಸ್ಥೆ ಮತ್ತು ಭಾರತ ಸರ್ಕಾರ ಸೇರಿ ಅದೇ ಸುಮಾರಿಗೆ, 1951–52ರಲ್ಲಿ, ಬೆಂಗಳೂರು ನಗರದಲ್ಲೂ ಮೈಸೂರು ರಾಜ್ಯದ ಹಳ್ಳಿಗಳಲ್ಲೂ ನಡೆಸಿದ ‘ಮೈಸೂರು ಜನಸಂಖ್ಯಾ ಅಧ್ಯಯನ’ವೂ ಇಂಥದೇ ಮಾತು ಹೇಳಿತು. ಮೂರು ನಾಲ್ಕು ಮಕ್ಕಳಾದ ಮೇಲೆ ಇನ್ನು ಬೇಡ ಎನ್ನುವವರು ಹಳ್ಳಿಯಲ್ಲೂ ಬೇಕಾದಷ್ಟು ಜನ ಇದ್ದರು.

ಕಲಿಸುವ ಕೆಲಸ ಆರಂಭವಾದ ಮೇಲೆ ಕಥೆ ಬದಲಾಯಿತು. ಈ ಪದ್ಧತಿಗೆ ಮೊದಲು ಹಲವು ತಿಂಗಳ ಮುಟ್ಟಿನ ಲೆಕ್ಕ ಬರೆದಿಡಬೇಕು. ಚಕ್ರ ಕ್ರಮವಾಗಿಲ್ಲದವರಿಗೆ ಅದು ಹೊಂದುವುದಿಲ್ಲ. ಹೆರಿಗೆಯಾಗಿ ಇನ್ನೂ ಮುಟ್ಟು ಮರಳದವರು ಕಾಯಬೇಕು. ಓದುಬರಹ ಬಾರದವರಿಗೆ ಲೆಕ್ಕವಿಡುವುದು ಹೇಗೆ? ಅದಕ್ಕೆಂದು ಸ್ಟೋನ್ ಮಣಿಸರವೊಂದನ್ನು ರೂಪಿಸಿದರು. ದಿನಕ್ಕೊಂದು ಮಣಿ ಸರಿಸುತ್ತ ಹೋಗುವುದು; ಹಸಿರು ಮಣಿ ಬಂದರೆ ಭಯವಿಲ್ಲ, ಕೆಂಪು ಬಂದರೆ ಸಂಯಮ. ಕಾಗದದ ಮೇಲೆ ಎಷ್ಟು ಸರಳ!

ಆ ಮಣಿಸರದ ಸುತ್ತ ಹುಟ್ಟಿದ ಕಥೆಗಳು ಆಮೇಲೆ ಜನಸಂಖ್ಯಾ ತಜ್ಞರ ಸಭೆಗಳಲ್ಲಿ ನಗೆಚಾಟಿಕೆಯಾಗಿ ಓಡಾಡಿದವು. ಕತ್ತಲೆಯಲ್ಲಿ ಬಣ್ಣ ತಿಳಿಯದೆಂದು ಮಣಿಯ ಆಕಾರವನ್ನೇ ಬೇರೆ ಮಾಡಬೇಕಾಯಿತಂತೆ. ಮಣಿ ಹಿಂದಕ್ಕೂ ಮುಂದಕ್ಕೂ ಸರಿದು ಲೆಕ್ಕ ತಪ್ಪಿತಂತೆ. ಮಣಿ ಸರಿಸುವುದೇ ಔಷಧವೆಂದು ತಿಳಿದವರೂ ಇದ್ದರಂತೆ. ಸರ ಹಾಕಿಕೊಳ್ಳಲು ಹಲವರಿಗೆ ನಾಚಿಕೆ. ಅದೂ ಸಹಜವೇ. ಕೊರಳಲ್ಲಿ ಅದನ್ನು ಕಂಡ ನೆರೆಯವರಿಗೆಲ್ಲ ಆ ಮನೆಯ ಒಳಗುಟ್ಟು ತಿಳಿದ ಹಾಗಾಯಿತಲ್ಲ! ನಕ್ಕವರು ಒಂದನ್ನು ಮರೆತರು. ಹೆಂಗಸರು ದಡ್ಡರಾದದ್ದರಿಂದ ಸರ ಸೋಲಲಿಲ್ಲ. ಮನೆಯೊಳಗಿನ ಕತ್ತಲೆ, ಅತ್ತೆ, ಗಂಡ, ತೊಡೆಯ ಮೇಲಿನ ಕೂಸು — ಇವ್ಯಾವುವೂ ಸರ ಮಾಡಿದವರ ಲೆಕ್ಕದಲ್ಲಿ ಇರಲಿಲ್ಲ.

ಕೊನೆಗೆ ಎಣಿಸಿ ನೋಡಿದಾಗ, ಇಷ್ಟವಿದೆ ಎಂದವರಲ್ಲಿ ಪೂರ್ತಿ ಕಲಿತವರು ಕಡಮೆ, ಕಲಿತವರಲ್ಲಿ ಬಿಡದೆ ಪಾಲಿಸಿದವರು ಇನ್ನೂ ಕಡಮೆ. ರಾಮನಗರದಲ್ಲೂ ಅಷ್ಟೇ, ಅಕ್ಷರಸ್ಥ ಲೋಧಿ ಕಾಲೊನಿಯಲ್ಲೂ ಅಷ್ಟೇ. ಹಾಗಾದರೆ ಮೊದಲು ಹೇಳಿದ್ದು ಸುಳ್ಳೇ?

ಸುಳ್ಳಲ್ಲ. ಪ್ರಶ್ನೆ ಕೇಳಿದ ರೀತಿಯನ್ನು ನೋಡಿದರೆ ವಿಷಯ ತಿಳಿಯುತ್ತದೆ. ಇಂಥ ಸಂದರ್ಶನವೊಂದನ್ನು ಸುಮ್ಮನೆ ಕಲ್ಪಿಸಿಕೊಳ್ಳಬಹುದು. ಸೀರೆ ಸೆರಗು ಹೊದ್ದ ಕಾರ್ಯಕರ್ತೆ ಜಗಲಿಯ ಮೇಲೆ ಕುಳಿತಿದ್ದಾಳೆ. ಎದುರಿಗೆ ಮನೆಯಾಕೆ, ಕಂಕುಳಲ್ಲಿ ಮಗು.

“ಅಕ್ಕಾ, ಮಕ್ಕಳಿಗೆ ಸ್ವಲ್ಪ ಅಂತರ ಇರೋ ಹಾಗೆ ಒಂದು ಉಪಾಯ ಹೇಳಿಕೊಟ್ಟರೆ ಕಲೀತೀರಾ?”

“ಹೇಳಿಕೊಟ್ರೆ ಯಾಕ್ ಕಲಿಯಾಕಿಲ್ಲ ಕಣವ್ವಾ? ಕಲ್ತ್ಕೊಂಡ್ರಾಯ್ತು.”

ಬರೆದುಕೊಂಡದ್ದು: ‘ಇಷ್ಟವಿದೆ’. ಈ ಉತ್ತರಕ್ಕೆ ಆಕೆ ಏನನ್ನೂ ತೆರಬೇಕಾಗಿಲ್ಲ. ಮನೆಗೆ ಬಂದ ಹುಡುಗಿಯನ್ನು ಬರಿಗೈಯಲ್ಲಿ ಕಳಿಸಬಾರದೆಂಬ ಸೌಜನ್ಯ ಅದರಲ್ಲಿದೆ. ಸರ್ಕಾರದ ಕಡೆಯವರೆಂಬ ಅಳುಕೂ ಕೊಂಚ ಇರಬಹುದು. ನಿಜವಾದ ಆಸೆಯೂ ಇದೆ. ಆದರೆ ‘ಒಂದು ಉಪಾಯ’ ಎಂದಾಗ ಆಕೆಯ ಮನಸ್ಸಿನಲ್ಲಿ ಬಂದದ್ದು ಒಂದು ಗುಳಿಗೆಯೋ ಕಷಾಯವೋ ಇರಬಹುದು. ದಿನವೂ ಮಣಿ ಸರಿಸುವುದು, ಗಂಡನನ್ನು ಒಪ್ಪಿಸುವುದು, ಅಷ್ಟು ಮಾಡಿಯೂ ಕೆಲವೊಮ್ಮೆ ಫಲ ಕೆಡುವುದು — ಇದರ ಮಾತೇ ಬರಲಿಲ್ಲ. ಕೇಳಿದ್ದು ಊಟ ಬೇಕೇ ಎಂದು; ಬಡಿಸಿದ್ದು ಹಾಗಲಕಾಯಿ; ತಿನ್ನಲಿಲ್ಲವೆಂದು ಹಸಿವೇ ಇರಲಿಲ್ಲ ಎನ್ನುವುದು ಯಾವ ನ್ಯಾಯ?

ಆ ದಶಕಗಳ ತಜ್ಞರು ಇದರಿಂದ ಎರಡು ಬಗೆಯ ಪಾಠ ಕಲಿತರು. ಕೆಲವರು, ಜನರ ಮಾತಿಗೆ ಬೆಲೆಯಿಲ್ಲ, ಎಷ್ಟು ಜನ ಬಳಸಿದರೆಂದು ಎಣಿಸಿದರೆ ಸಾಕು ಎಂದರು. ಇನ್ನು ಕೆಲವರು, ಪ್ರಶ್ನೆಯನ್ನೇ ಸರಿಪಡಿಸಬೇಕು ಎಂದರು. ಈ ಎರಡನೆಯವರ ದಾರಿ ನಿಧಾನವಾಗಿ ಬೆಳೆಯಿತು.

ಇಂದು ಬಹುಪಾಲು ಆಸ್ಪತ್ರೆಗಳಲ್ಲಿ ಕಾಣುವುದು ಇದರಲ್ಲಿ ಅತ್ಯಂತ ಸುಲಭದ ವಿಧಾನ. ಹೊರಗೆ ಹೋಗುವಾಗ ಒಂದು ಹಾಳೆ ಕೊಡುತ್ತಾರೆ: ಸೇವೆ ತೃಪ್ತಿಕರವೇ? ಒಂದರಿಂದ ಐದರೊಳಗೆ ಅಂಕ ಕೊಡಿ. ನರ್ಸ್ ಎದುರಿಗೇ ನಿಂತಿರುವಾಗ ಯಾರು ಎರಡು ಅಂಕ ಕೊಡುತ್ತಾರೆ? ಮುಂದಿನ ವಾರ ಮತ್ತೆ ಅಲ್ಲಿಗೇ ಬರಬೇಕಲ್ಲ. ಅಲ್ಲದೆ ತೃಪ್ತಿ ಬೇರೆ, ಇಷ್ಟ ಬೇರೆ. ಏನನ್ನೂ ನಿರೀಕ್ಷಿಸದೆ ಬಂದವರಿಗೆ ಬೆಂಚು ಸಿಕ್ಕರೂ ತೃಪ್ತಿಯೇ. ಇದಕ್ಕಿಂತ ವಾಸಿಯೆಂದು ಕೆಲವರು ಹತ್ತು ಅಂಶಗಳನ್ನು ಕೊಟ್ಟು, ಮುಖ್ಯವಾದದ್ದರಿಂದ ಕೆಳಕ್ಕೆ ಜೋಡಿಸಿ ಎನ್ನುತ್ತಾರೆ. ಅದರಿಂದ ಮೊದಲನೆಯದು ಯಾವುದು, ಎರಡನೆಯದು ಯಾವುದು ಎಂದು ತಿಳಿಯುತ್ತದೆ. ಎರಡರ ನಡುವಿನ ದೂರ ಕೂದಲೆಳೆಯಷ್ಟೋ ಮೈಲಿಯಷ್ಟೋ ತಿಳಿಯುವುದಿಲ್ಲ.

ಆ ದೂರವನ್ನು ಅಳೆಯಲು ಏನಾದರೂ ಬಿಟ್ಟುಕೊಡಲು ಸಿದ್ಧರೇ ಎಂದು ಕೇಳಬೇಕು. ಕೆನಡಾದ ಜಾರ್ಜ್ ಟೊರೆನ್ಸ್ ಮತ್ತು ಸಂಗಡಿಗರು 1972ರಲ್ಲಿ ಮಂಡಿಸಿದ ‘ಕಾಲದ ವಿನಿಮಯ’ ವಿಧಾನ ಇಂಥದು. ಕೀಲುನೋವಿನಿಂದ ಎದ್ದು ಓಡಾಡಲಾಗದ ಸ್ಥಿತಿಯಲ್ಲಿ ಹತ್ತು ವರ್ಷ ಬದುಕುವುದು ಒಂದು ಕಡೆ. ಪೂರ್ಣ ಆರೋಗ್ಯದಿಂದ ಅದಕ್ಕಿಂತ ಕಡಮೆ ವರ್ಷ ಬದುಕುವುದು ಇನ್ನೊಂದು ಕಡೆ. ಆರೋಗ್ಯದ ಎಷ್ಟು ವರ್ಷ ಕೊಟ್ಟರೆ ಎರಡೂ ಸಮ ಎನ್ನಿಸುತ್ತದೆ? ಏಳು ಎಂದರೆ ಆ ಸ್ಥಿತಿಯ ಬೆಲೆ 0.7. ನಮ್ಮ ದೇಶದ ಜನರನ್ನೂ ಹೀಗೆ ಕೇಳಿದ್ದಾರೆ. ಚಂಡೀಗಢದ ಸ್ನಾತಕೋತ್ತರ ವೈದ್ಯಕೀಯ ಸಂಸ್ಥೆಯ ಸಂಶೋಧಕರ ಮುಂದಾಳತ್ವದಲ್ಲಿ 5 ರಾಜ್ಯಗಳ 3548 ಮಂದಿಯನ್ನು ಸಂದರ್ಶಿಸಿ, ಭಾರತೀಯರ ಮಟ್ಟಿಗೆ ಯಾವ ಸ್ಥಿತಿಗೆ ಎಷ್ಟು ಬೆಲೆ ಎಂಬ ಪಟ್ಟಿಯನ್ನು 2022ರಲ್ಲಿ ಪ್ರಕಟಿಸಲಾಯಿತು. ನಡೆದಾಟ, ಸ್ವಂತ ಆರೈಕೆ, ದಿನದ ಕೆಲಸ, ನೋವು, ಕಳವಳ ಎಂಬ ಐದು ಅಂಶಗಳು, ಪ್ರತಿಯೊಂದಕ್ಕೂ ಐದು ಮಟ್ಟಗಳು. ಒಟ್ಟು 3125 ಸ್ಥಿತಿಗಳು. ಅದಕ್ಕೆ ಮೊದಲು ಬೇರೆ ದೇಶದವರ ನೋವಿನ ಲೆಕ್ಕದಿಂದಲೇ ಇಲ್ಲಿನ ಔಷಧಗಳ ಪ್ರಯೋಜನವನ್ನು ತೂಗುವುದು ವಾಡಿಕೆಯಾಗಿತ್ತು.

ಈ ವಿಧಾನಕ್ಕೂ ತೊಡಕಿದೆ. ಸಾವಿನ ಮಾತನ್ನು ಲೇವಾದೇವಿಯಂತೆ ಆಡುವುದು ನಮ್ಮ ಮನೆಗಳಲ್ಲಿ ಅಪಶಕುನ. “ಹಂಗೆಲ್ಲಾ ಬಿಡ್ತು ಅನ್ನವ್ವಾ” ಎಂದು ಎದ್ದುಹೋಗುವ ಅಜ್ಜಿಯಂದಿರು ಯಾವ ಹಳ್ಳಿಯಲ್ಲೂ ಸಿಗುತ್ತಾರೆ. ಆಯುಸ್ಸು ಕೊಡುವವನು ದೇವರು, ಬಿಟ್ಟುಕೊಡಲು ನಾನ್ಯಾರು ಎನ್ನುವವರ ಉತ್ತರವನ್ನು ಯಾವ ಅಂಕಿಯಾಗಿ ಬರೆಯುವುದು?

ಹೆಚ್ಚು ಜನರಿಗೆ ಒಗ್ಗುವುದು ಸಂತೆಯಲ್ಲಿ ನಡೆಯುವಂಥ ಪ್ರಶ್ನೆ. ಇದು ಬೇಕೋ, ಅದು ಬೇಕೋ? ಇಂಗ್ಲಿಷಿನಲ್ಲಿ ಡಿಸ್ಕ್ರೀಟ್ ಚಾಯ್ಸ್ ಎಕ್ಸ್‌ಪೆರಿಮೆಂಟ್ ಎನ್ನುತ್ತಾರೆ. ಕನ್ನಡದಲ್ಲಿ ‘ಆಯ್ಕೆಯ ಪ್ರಯೋಗ’ ಎಂದರೆ ಸಾಕು. ಇದರ ಗಣಿತಕ್ಕೆ ತಳಹದಿ ಹಾಕಿದವರು ಅಮೆರಿಕದ ಡೇನಿಯಲ್ ಮ್ಯಾಕ್‌ಫ್ಯಾಡನ್. 1970ರ ದಶಕದಲ್ಲಿ ಸ್ಯಾನ್‌ಫ್ರಾನ್ಸಿಸ್ಕೊ ಪ್ರದೇಶಕ್ಕೆ ಹೊಸ ರೈಲು ಬರುವ ಮೊದಲೇ, ಕೆಲಸಕ್ಕೆ ಹೋಗಿಬರುವವರಲ್ಲಿ ನೂರಕ್ಕೆ 6.3ರಷ್ಟು ಮಂದಿ ಅದನ್ನು ಬಳಸುತ್ತಾರೆಂದು ಅವರ ತಂಡ ಅಂದಾಜು ಮಾಡಿತು. ಅಧಿಕೃತ ಅಂದಾಜು ನೂರಕ್ಕೆ 15 ಎನ್ನುತ್ತಿತ್ತು. ರೈಲು ಬಂದ ಮೇಲೆ ಎಣಿಸಿದಾಗ ಸಿಕ್ಕಿದ್ದು 6.2. ಮ್ಯಾಕ್‌ಫ್ಯಾಡನ್‌ಗೆ 2000ದಲ್ಲಿ ಅರ್ಥಶಾಸ್ತ್ರದ ನೊಬೆಲ್ ಸಿಕ್ಕಿತು. ಪ್ರಯಾಣಿಕರ ಲೆಕ್ಕಕ್ಕೆಂದು ಹುಟ್ಟಿದ ಈ ಗಣಿತ 1990ರ ದಶಕದಲ್ಲಿ ಆರೋಗ್ಯ ಕ್ಷೇತ್ರಕ್ಕೂ ಕಾಲಿಟ್ಟಿತು.

ಅದು ಕೆಲಸ ಮಾಡುವುದು ಹೇಗೆಂದು ಚನ್ನಪಟ್ಟಣದ ಕಡೆಯ ಒಂದು ಕಲ್ಪಿತ ಉದಾಹರಣೆಯಿಂದ ನೋಡಬಹುದು. ದೊಡ್ಡಮಳೂರಿನ ಗರ್ಭಿಣಿಯೊಬ್ಬಳು ತಿಂಗಳ ತಪಾಸಣೆಗೆ ಎಲ್ಲಿಗೆ ಹೋಗಬೇಕೆಂದು ಯೋಚಿಸುತ್ತಿದ್ದಾಳೆ. ಅವಳ ಮುಂದೆ ಎರಡು ಚೀಟಿ ಇಡುತ್ತಾರೆ. ಮೊದಲನೆಯದರಲ್ಲಿ ಲೇಡಿ ಡಾಕ್ಟರ್ ಇದ್ದಾರೆ, ಎರಡು ಗಂಟೆ ಕಾಯಬೇಕು, ಹೋಗಿಬರುವ ಖರ್ಚು 20 ರೂಪಾಯಿ. ಎರಡನೆಯದರಲ್ಲಿ ಲೇಡಿ ಡಾಕ್ಟರ್ ಇಲ್ಲ, ಅರ್ಧ ಗಂಟೆ ಕಾದರೆ ಸಾಕು, ಖರ್ಚು 60 ರೂಪಾಯಿ. ಯಾವುದಕ್ಕೆ ಹೋಗುತ್ತೀಯಮ್ಮ? ಅವಳು ಒಂದನ್ನು ಮುಟ್ಟಿ ತೋರಿಸುತ್ತಾಳೆ. ಆಮೇಲೆ ಬೇರೆ ಎರಡು ಚೀಟಿ. ಹೀಗೆ ಎಂಟೋ ಹತ್ತೋ ಸಲ, ಬೇರೆ ಬೇರೆ ಜೋಡಿಗಳು. ಲೇಡಿ ಡಾಕ್ಟರ್ ಮುಖ್ಯವೇ ಎಂದು ಯಾರೂ ನೇರವಾಗಿ ಕೇಳುವುದಿಲ್ಲ. ನೇರವಾಗಿ ಕೇಳಿದ್ದರೆ ಎಲ್ಲವೂ ಮುಖ್ಯವೇ ಎನ್ನುತ್ತಿದ್ದಳು. ಇಲ್ಲಿ ಒಂದನ್ನು ಪಡೆಯಲು ಇನ್ನೊಂದನ್ನು ಬಿಡಲೇಬೇಕು.

ಕೆಲವು ನೂರು ಹೆಂಗಸರ ಆಯ್ಕೆಗಳನ್ನು ಸೇರಿಸಿ ಲೆಕ್ಕ ಹಾಕಿದಾಗ ಪ್ರತಿ ಅಂಶಕ್ಕೂ ಒಂದು ತೂಕ ಸಿಗುತ್ತದೆ. ಹೀಗೆ ಬಂತೆಂದು ಇಟ್ಟುಕೊಳ್ಳೋಣ: ಲೇಡಿ ಡಾಕ್ಟರ್ ಇದ್ದರೆ +0.9, ಕಾಯುವ ಪ್ರತಿ ಗಂಟೆಗೆ –0.6, ಪ್ರತಿ 10 ರೂಪಾಯಿಗೆ –0.1. ಒಂದು ಗಂಟೆ ಕಾಯುವ ಕಷ್ಟ 60 ರೂಪಾಯಿಗೆ ಸಮ. ಲೇಡಿ ಡಾಕ್ಟರಿಗಾಗಿ ಆ ಹೆಂಗಸರು 90 ರೂಪಾಯಿ ಹೆಚ್ಚು ಕೊಡಲು, ಇಲ್ಲವೇ ಒಂದೂವರೆ ಗಂಟೆ ಹೆಚ್ಚು ಕಾಯಲು ಸಿದ್ಧರು. ಮೊದಲ ಚೀಟಿಯ ಒಟ್ಟು ತೂಕ 0.9ರಿಂದ 1.2 ಮತ್ತು 0.2 ಕಳೆದು –0.5. ಎರಡನೆಯದರದು –0.3 ಮತ್ತು –0.6 ಸೇರಿ –0.9. ವ್ಯತ್ಯಾಸ 0.4. ಇದನ್ನು ಮ್ಯಾಕ್‌ಫ್ಯಾಡನ್ ಸೂತ್ರಕ್ಕೆ ಹಾಕಿದರೆ ನೂರು ಮಂದಿಯಲ್ಲಿ ಸುಮಾರು 60 ಮಂದಿ ಮೊದಲನೆಯದನ್ನು ಆರಿಸುತ್ತಾರೆ. ಪಿ.ಯು.ಸಿ. ಗಣಿತ ಓದಿದವರು 1 ಅನ್ನು 1 + ಇ ಘಾತ –0.4ರಿಂದ ಭಾಗಿಸಿ ನೋಡಬಹುದು. ಎಲ್ಲರೂ ಮೊದಲನೆಯದಕ್ಕೇ ಹೋಗುತ್ತಾರೆ ಎನ್ನುವುದಿಲ್ಲ ಎಂಬುದೇ ಈ ಸೂತ್ರದ ಚೆಲುವು. ಉಳಿದ 40 ಮಂದಿಗೂ ಅವರದೇ ಕಾರಣಗಳಿವೆ.

ಚೀಟಿ ಮಾಡುವುದೂ ಸುಲಭದ ಕೆಲಸವಲ್ಲ. ಐದು ಅಂಶ, ಪ್ರತಿಯೊಂದಕ್ಕೆ ಮೂರು ಮಟ್ಟ ಎಂದರೆ 243 ಬಗೆಯ ಚೀಟಿಗಳಾಗುತ್ತವೆ. ಎರಡೆರಡಾಗಿ ಜೋಡಿಸಿದರೆ 29,403 ಜೋಡಿ. ಒಲೆಯ ಮೇಲೆ ಸಾರು ಇಟ್ಟು ಬಂದ ಗೃಹಿಣಿಯ ಮುಂದೆ ಅಷ್ಟನ್ನೂ ಹರಡಲಾಗದು. ಕೆಲವೇ ಹತ್ತು ಜೋಡಿಗಳಲ್ಲಿ ಎಲ್ಲದರ ಸಾರ ಬರುವಂತೆ ಆರಿಸುವುದಕ್ಕೆ ಸಂಖ್ಯಾಶಾಸ್ತ್ರದ ಬೇರೆಯದೇ ಒಂದು ಶಾಖೆ ಇದೆ. ಹೊಲದಲ್ಲಿ ಗೊಬ್ಬರದ ಪ್ರಯೋಗಗಳಿಗೆಂದು ಬೆಳೆದ ವಿದ್ಯೆ ಇಲ್ಲಿ ಆಸ್ಪತ್ರೆಯ ಚೀಟಿಗೆ ಒದಗುತ್ತದೆ.

ಈಗ 1952ರ ರಾಮನಗರಕ್ಕೆ ಈ ಚೀಟಿಗಳನ್ನು ಒಯ್ದರೆಂದು ಭಾವಿಸೋಣ. ‘ಉಪಾಯ ಬೇಕೇ’ ಎಂಬ ಒಂದು ಪ್ರಶ್ನೆಯ ಬದಲು, ಉಪಾಯಗಳನ್ನೇ ಬಿಡಿಸಿ ಇಡಬೇಕಾಗುತ್ತಿತ್ತು. ದಿನವೂ ನೆನಪಿಡಬೇಕಾದದ್ದೋ, ತಿಂಗಳಿಗೊಮ್ಮೆಯೋ? ಗಂಡನ ಒಪ್ಪಿಗೆ ಇಲ್ಲದೆ ನಡೆಯುತ್ತದೆಯೋ, ಇಲ್ಲವೋ? ಮನೆಯ ಉಳಿದವರ ಕಣ್ಣಿಗೆ ಬೀಳುತ್ತದೆಯೋ? ನೂರು ಮಂದಿ ವರ್ಷವಿಡೀ ಪಾಲಿಸಿದರೆ ಎಷ್ಟು ಮಂದಿಗೆ ಆದರೂ ಗರ್ಭ ನಿಲ್ಲುತ್ತದೆ? ಮುಂದೆ ಮಗು ಬೇಕೆಂದರೆ ಆಗುತ್ತದೆಯೋ? ಎರಡು ವಾರ ಜಗಲಿಗಳ ಮೇಲೆ ಕುಳಿತು ಕೇಳಿದ್ದರೆ, ಮಣಿಸರದ ಬಣ್ಣ ತಿದ್ದುವುದಕ್ಕಿಂತ ಮೊದಲೇ ತಿಳಿಯಬಹುದಾಗಿದ್ದ ಸಂಗತಿಗಳಿವು. ಆಗ ಈ ಗಣಿತ ಇರಲಿಲ್ಲ ನಿಜ. ಆದರೆ ಈ ಪ್ರಶ್ನೆಗಳನ್ನು ಕೇಳುವುದಕ್ಕೆ ಗಣಿತ ಬೇಕಿರಲಿಲ್ಲ. ಪ್ರಯೋಗಕ್ಕಿಳಿದ ಪದ್ಧತಿ ಒಂದೇ, ಅದೂ ದೆಹಲಿಯಲ್ಲಿ ತೀರ್ಮಾನವಾದದ್ದು. ರಾಮನಗರದವರಿಗೆ ಉಳಿದದ್ದು ಹೌದು ಅಥವಾ ಅಲ್ಲ ಅನ್ನುವ ಕೆಲಸ.

ಮಣಿಸರ ಅಲ್ಲಿಗೆ ಮುಗಿಯಲಿಲ್ಲ ಎಂಬುದು ಒಂದು ಸ್ವಾರಸ್ಯ. ಸುಮಾರು ಅರ್ಧ ಶತಮಾನದ ನಂತರ ಅಮೆರಿಕದ ಜಾರ್ಜ್‌ಟೌನ್ ವಿಶ್ವವಿದ್ಯಾಲಯದವರು ‘ಸೈಕಲ್‌ಬೀಡ್ಸ್’ ಎಂಬ ಹೊಸ ಸರವನ್ನು ತಂದರು. 26ರಿಂದ 32 ದಿನಗಳ ಚಕ್ರವಿರುವವರಿಗೆ ಮಾತ್ರ, 8ರಿಂದ 19ನೆಯ ದಿನದವರೆಗೆ ಎಚ್ಚರಿಕೆ. ಎಚ್ಚರಿಕೆಯ ಮಣಿಗಳು ಬಿಳಿ, ಕತ್ತಲೆಯಲ್ಲಿ ಹೊಳೆಯುವಂಥವು.

ಇನ್ನು ಮಾತಿಗೆ ಬೆಲೆಯಿಲ್ಲ, ಬಳಸಿದವರನ್ನು ಎಣಿಸಿ ಎಂದವರ ದಾರಿ ಎಲ್ಲಿಗೆ ಹೋಯಿತು? 1965ರಲ್ಲಿ ದೇಶದಾದ್ಯಂತ ಲೂಪ್ ಅಳವಡಿಸುವ ಚಳವಳಿಯೇ ನಡೆಯಿತು. ಹಾಕಿಸಿಕೊಂಡವರ ಸಂಖ್ಯೆ ಏರಿದ್ದನ್ನು ಕಂಡು ಜನ ಒಪ್ಪಿದರೆಂದು ಬರೆದುಕೊಂಡರು. ರಕ್ತಸ್ರಾವ, ನೋವು ಎಂದು ಬಂದವರ ಮಾತಿಗೆ ಕಿವಿಗೊಡುವ ಏರ್ಪಾಡು ಸಾಲದಾಗಿತ್ತು. ಎರಡು ಮೂರು ವರ್ಷಗಳಲ್ಲಿ ಆ ಅಲೆ ಇಳಿದುಹೋಯಿತು. ಗುರಿ ಮುಟ್ಟುವ ಆತುರ 1975–77ರ ತುರ್ತು ಪರಿಸ್ಥಿತಿಯ ಬಲವಂತದ ಆಪರೇಷನ್‌ಗಳಲ್ಲಿ ಕೊನೆಗೊಂಡದ್ದನ್ನು ಈಗಿನ ವಿದ್ಯಾರ್ಥಿಗಳ ಅಜ್ಜ ಅಜ್ಜಿಯರು ಚೆನ್ನಾಗಿ ಬಲ್ಲರು. ಎಣಿಕೆ ಸುಳ್ಳಾಗಿರಲಿಲ್ಲ. ಆ ಎಣಿಕೆಯಲ್ಲಿ ಇಷ್ಟ ಇರಲಿಲ್ಲ, ಅಷ್ಟೇ.

ಇದು ಹಳೆಯ ಕಥೆಯೆಂದು ಬಿಡುವಂತಿಲ್ಲ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದ 15–49ರ ವಯಸ್ಸಿನ ವಿವಾಹಿತ ಸ್ತ್ರೀಯರಲ್ಲಿ ನೂರಕ್ಕೆ 57 ಮಂದಿ ಸಂತಾನಹರಣ ಶಸ್ತ್ರಚಿಕಿತ್ಸೆಯನ್ನು ಅವಲಂಬಿಸಿದ್ದಾರೆ. ಗಂಡಸರ ಪಾಲು ಲೆಕ್ಕಕ್ಕೇ ಸಿಗುವುದಿಲ್ಲ. ಕನ್ನಡದ ಹೆಂಗಸರಿಗೆ ಆಪರೇಷನ್ನೇ ಅತಿ ಇಷ್ಟ ಎಂದು ಇದರಿಂದ ತೀರ್ಮಾನಿಸಬಹುದೇ? ಇಷ್ಟವಿರುವವರು ನಿಜಕ್ಕೂ ಬಹಳ ಮಂದಿ ಇದ್ದಾರೆ. ಒಂದು ಸಲ ಮಾಡಿಸಿದರೆ ಮುಗಿಯಿತು, ದಿನವೂ ನೆನಪಿಡುವ ಕಷ್ಟವಿಲ್ಲ, ಯಾರಿಗೂ ಲೆಕ್ಕ ಒಪ್ಪಿಸಬೇಕಾಗಿಲ್ಲ. ಆದರೆ ಬೇರೆ ಉಪಾಯವನ್ನು ಯಾರೂ ಹೇಳದೇ ಇದ್ದುದರಿಂದ ಮಾಡಿಸಿಕೊಂಡವರೂ ಅದೇ 57ರೊಳಗೆ ಸೇರಿದ್ದಾರೆ. ಒಂದೇ ಅಂಗಡಿಯಿರುವ ಊರಿನಲ್ಲಿ ವ್ಯಾಪಾರ ನೋಡಿ ಜನರ ರುಚಿಯನ್ನು ಹೇಳಲಾಗದು. ಆ ಸಮೀಕ್ಷೆಯವರಿಗೂ ಇದು ತಿಳಿದಿದೆ. ಬೇರೆ ವಿಧಾನಗಳ ಬಗ್ಗೆ, ಅಡ್ಡ ಪರಿಣಾಮಗಳ ಬಗ್ಗೆ ಯಾರಾದರೂ ತಿಳಿಸಿದ್ದರೇ ಎಂಬ ಪ್ರಶ್ನೆ ಅವರ ಪಟ್ಟಿಯಲ್ಲೂ ಇದೆ. ಬರಿಯ ಮಾತೂ ಸಾಲದು, ಬರಿಯ ನಡತೆಯೂ ಸಾಲದು. ಎರಡರ ನಡುವೆ ನಿಲ್ಲುವುದೇ ಆಯ್ಕೆಯ ಪ್ರಯೋಗದ ಉಪಯುಕ್ತತೆ: ಊರಿನಲ್ಲಿ ಇನ್ನೂ ಇಲ್ಲದ ಸೇವೆಯನ್ನು ಚೀಟಿಯ ಮೇಲೆ ಇಟ್ಟು ಕೇಳಬಹುದು.

ಹಾಗೆಂದು ಅದನ್ನೇ ಮಂತ್ರದಂಡವೆಂದು ತಿಳಿಯಬೇಕಾಗಿಲ್ಲ. ಸಮೀಕ್ಷೆಗೆ ಹೋಗುವ ಎನ್.ಎಸ್.ಎಸ್. ವಿದ್ಯಾರ್ಥಿಗಳು ಗಮನಿಸಬೇಕಾದ ಮೊದಲ ಸಂಗತಿ ಚೀಟಿಯಲ್ಲಲ್ಲ, ಪಡಸಾಲೆಯಲ್ಲಿದೆ. ಪಕ್ಕದಲ್ಲಿ ಯಾರು ಕುಳಿತಿದ್ದಾರೆ? ಅತ್ತೆ ಅಕ್ಕಿ ಆರಿಸುತ್ತ ಕಿವಿಗೊಟ್ಟಿದ್ದರೆ ಸೊಸೆಯ ಬೆರಳು ಯಾವ ಚೀಟಿಯ ಮೇಲೆ ಬೀಳುತ್ತದೆಂದು ಊಹಿಸಬಹುದು. ದೇವಸ್ಥಾನದ ಬಾಗಿಲಲ್ಲಿ ಮಕ್ಕಳೆಷ್ಟು ಬೇಕೆಂದು ಕೇಳಿದರೆ ಒಂದು ಉತ್ತರ, ಹೆರಿಗೆ ವಾರ್ಡಿನಲ್ಲಿ ಕೇಳಿದರೆ ಇನ್ನೊಂದು. ಎರಡೂ ನಿಜವೇ ಇರಬಹುದು. ಎಲ್ಲಿ ಕೇಳಿದ್ದೆಂದು ಬರೆದಿಡದಿದ್ದರೆ ಮಾತ್ರ ಎರಡೂ ನಿಷ್ಪ್ರಯೋಜಕ.

ಭಾಷೆಯ ತೊಡಕು ಎರಡನೆಯದು. ಪುಸ್ತಕದ ಕನ್ನಡದಲ್ಲಿ ‘ಅಪಾಯದ ಸಂಭವನೀಯತೆ ಶೇಕಡಾ ಎರಡು’ ಎಂದರೆ ಓದಿದವರಿಗೇ ತಲೆ ತಿರುಗುತ್ತದೆ. ‘ನೂರು ಜನ ತಾಯಂದಿರಲ್ಲಿ ಇಬ್ಬರಿಗೆ’ ಎಂದು, ನೂರು ಚುಕ್ಕಿಯ ಚಿತ್ರದಲ್ಲಿ ಎರಡಕ್ಕೆ ಬಣ್ಣ ಹಚ್ಚಿ ತೋರಿಸಿದರೆ ಯಾರಿಗೂ ತಿಳಿಯುತ್ತದೆ.

ಮೂರನೆಯದು ಕೊಂಚ ಸೂಕ್ಷ್ಮ. ಉತ್ತರ ಕೊಡುವವರು ಗಮನವಿಟ್ಟಿದ್ದಾರೆಯೇ ಎಂದು ನೋಡಲು ಸಂಶೋಧಕರು ಒಂದು ಪರೀಕ್ಷಾ ಜೋಡಿಯನ್ನು ಸೇರಿಸುವುದುಂಟು. ಎರಡೂ ಚೀಟಿಯಲ್ಲಿ ಎಲ್ಲವೂ ಒಂದೇ, ಆದರೆ ಒಂದರಲ್ಲಿ ಔಷಧ ಉಚಿತ, ಇನ್ನೊಂದರಲ್ಲಿ 50 ರೂಪಾಯಿ. 50 ರೂಪಾಯಿಯದನ್ನು ಆರಿಸಿದವರನ್ನು ‘ಅರ್ಥವಾಗಿಲ್ಲ’ ಎಂದು ತೆಗೆದುಹಾಕುವ ಅಭ್ಯಾಸ ಕೆಲವರಿಗಿದೆ. ಇದು ಅವಸರದ ಕೆಲಸ. “ಪುಕ್ಸಟ್ಟೆ ಕೊಡೋ ಮಾತ್ರೇಲಿ ಏನೈತೆ?” ಎಂದು ಯೋಚಿಸುವ ರೈತನಿಗೆ ಚೀಟಿ ಚೆನ್ನಾಗಿಯೇ ಅರ್ಥವಾಗಿದೆ. ಬೆಲೆಯನ್ನೇ ಅವನು ಗುಣದ ಗುರುತಾಗಿ ಓದಿಕೊಂಡಿದ್ದಾನೆ. ಅವನನ್ನು ತೆಗೆದುಹಾಕುವ ಮೊದಲು ಯಾಕೆಂದು ಒಂದು ಮಾತು ಕೇಳಿದರೆ, ಹತ್ತು ಚೀಟಿಗಳಿಂದ ತಿಳಿಯದ ಸಂಗತಿ ತಿಳಿಯುತ್ತದೆ.

ಕೊನೆಯದಾಗಿ ಚೀಟಿಯ ಮೂಲೆಯಲ್ಲಿರುವ ಒಂದು ಸಣ್ಣ ಚೌಕದ ಮಾತು. ಇದು, ಅದು ಎಂಬ ಎರಡರ ಜೊತೆಗೆ ‘ಎರಡೂ ಬೇಡ’ ಎಂಬ ಮೂರನೆಯದಕ್ಕೆ ಜಾಗವಿರಬೇಕೇ ಎಂಬುದು ಈ ಶಾಸ್ತ್ರದವರಲ್ಲಿ ಇನ್ನೂ ಚರ್ಚೆಯಲ್ಲಿದೆ. ಅದನ್ನಿಟ್ಟರೆ ಹಲವರು ಯೋಚಿಸುವ ತೊಂದರೆಯೇ ಬೇಡವೆಂದು ಅಲ್ಲೇ ಬೆರಳಿಡುತ್ತಾರೆ, ಲೆಕ್ಕಕ್ಕೆ ಸಾಮಗ್ರಿ ಕಡಮೆಯಾಗುತ್ತದೆ. ಬಿಟ್ಟರೆ ಲೆಕ್ಕ ಸೊಗಸಾಗಿ ಬರುತ್ತದೆ, ಆದರೆ ಯಾವುದೂ ಬೇಡವೆಂದು ಮನೆಯಲ್ಲೇ ಉಳಿಯುವವರು ಆ ಲೆಕ್ಕದಿಂದ ಮಾಯವಾಗುತ್ತಾರೆ. ಕಾಲು ಮುರಿದವನಿಗೆ ಯಾವುದಾದರೊಂದು ಆಸ್ಪತ್ರೆ ಬೇಕೇ ಬೇಕು. ಅಲ್ಲಿ ಆ ಚೌಕವಿಲ್ಲದಿದ್ದರೂ ನಡೆಯುತ್ತದೆ. ತಪಾಸಣೆ, ಲಸಿಕೆ, ಕುಟುಂಬ ಯೋಜನೆಗಳಲ್ಲಿ ಹಾಗಲ್ಲ. ಬೇಡ ಎನ್ನುವುದೂ ಅಲ್ಲಿ ಜನ ದಿನವೂ ಮಾಡುತ್ತಿರುವ ಆಯ್ಕೆ. ರಾಮನಗರದಲ್ಲಿ ಸರವನ್ನು ಕೊರಳಿಗೆ ಹಾಕಿಕೊಳ್ಳದೆ ಬಿಟ್ಟವರು ಬೆರಳಿಟ್ಟದ್ದು ಆ ಚೌಕದ ಮೇಲೆ.